ದಾವಣಗೆರೆಯಲ್ಲಿ ಟೆಂಟು, ಬೆನ್ನುಚೀಲ ಬಾಡಿಗೆ: ಯಾವುದನ್ನು ತರಬಹುದು, ಯಾವುದನ್ನು ಅಂಗಡಿಯಲ್ಲೇ ಬಿಡಬೇಕು

ಆಫೀಸಿನ ಎಂಟು ಮಂದಿ ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಊರು ಸೇರುವ ಬೆಟ್ಟದ ಪ್ರವಾಸಕ್ಕೆ ಎಂಟು ಬೆನ್ನುಚೀಲ, ನಾಲ್ಕು ಟೆಂಟು, ಎಂಟು ಸ್ಲೀಪಿಂಗ್ ಬ್ಯಾಗು ಕೊಳ್ಳುವುದು ಯಾರ ಜೇಬಿಗೂ ಹೊಂದುವುದಿಲ್ಲ. ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಬಹುದು. ಆದರೆ ಬೆನ್ನಿಗೆ ಹಾಕಿ ನೋಡದ ಚೀಲ ಹೊತ್ತು ಬೆಟ್ಟ ಹತ್ತುವುದು ಅಳತೆ ನೋಡದ ಚಪ್ಪಲಿ ಮೆಟ್ಟಿಕೊಂಡು ಹೋದ ಹಾಗೆ. ದಾವಣಗೆರೆಯಲ್ಲೇ ಇಂಥ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದಿದೆ. ಅದರ ದೊಡ್ಡ ಉಪಕಾರವೆಂದರೆ ಎಲ್ಲವನ್ನೂ ಬಿಚ್ಚಿ, ಹಾಕಿ, ನಿಲ್ಲಿಸಿ ನೋಡಲು ಬಿಡುತ್ತಾರೆ, ಅವಸರ ಮಾಡುವುದಿಲ್ಲ. ಆ ಅವಕಾಶವನ್ನು ಪೂರ್ತಿ ಬಳಸಿಕೊಂಡವರಿಗೆ ಇಲ್ಲಿ ಒಳ್ಳೆಯ ಸಾಮಾನು ಸಿಗುತ್ತದೆ. ಕಟ್ಟಿಟ್ಟ ಕಿಟ್ಟನ್ನು ಹಾಗೇ ಎತ್ತಿಕೊಂಡು ಹೋದವರಿಗೆ ಶನಿವಾರ ರಾತ್ರಿ ಮಳೆಯಲ್ಲಿ ಅದರ ಬೆಲೆ ತಿಳಿಯುತ್ತದೆ. ಎಂಟು ಜನರ ಸಾಮಾನಿಗೆ ಒಂದೂವರೆ ಗಂಟೆ ಬೇಕು. ಶುಕ್ರವಾರ ಸಂಜೆಯ ಗದ್ದಲ ಬಿಟ್ಟು ಗುರುವಾರವೇ ಹೋಗಿ ಆರಿಸಿಟ್ಟು ಬನ್ನಿ.

ಮೊದಲು ಬೆನ್ನುಚೀಲ. ಅಂಗಡಿಯಲ್ಲಿರುವುದು 50 ಮತ್ತು 60 ಲೀಟರಿನವು. ಒಂದು ರಾತ್ರಿಯ ವಾಸ್ತವ್ಯಕ್ಕೆ 50 ಲೀಟರ್ ಧಾರಾಳವಾಯಿತು. 60 ಕೊಟ್ಟರೆ ಖಾಲಿ ಜಾಗ ಕಂಡಷ್ಟೂ ಜನ ತುಂಬುತ್ತಾರೆ, ಭಾರ 14-15 ಕೆ.ಜಿ.ಗೆ ಹೋಗುತ್ತದೆ. ಹೊತ್ತು ನಡೆದು ಅಭ್ಯಾಸವಿಲ್ಲದವರಿಗೆ ತಮ್ಮ ತೂಕದ ಐದನೇ ಒಂದು ಭಾಗವೇ ಮಿತಿ, ಅಂದರೆ 60 ಕೆ.ಜಿ. ಇರುವವರಿಗೆ 12 ಕೆ.ಜಿ., ಅದೂ ನೀರು ಸೇರಿ. ಚೀಲ ಆರಿಸುವಾಗ ನೋಡಬೇಕಾದದ್ದು ಲೀಟರ್ ಅಲ್ಲ, ಬೆನ್ನಿನ ಉದ್ದ. ಕತ್ತು ಬಗ್ಗಿಸಿದಾಗ ಹಿಂದೆ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಟೇಪು ಹಿಡಿದು ಅಳೆಯಿರಿ. ಎತ್ತರ ಒಂದೇ ಇರುವ ಇಬ್ಬರಿಗೆ ಈ ಅಳತೆಯಲ್ಲಿ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸವಿರಬಹುದು. ಅಂಗಡಿಯ ಕೆಲವು ಚೀಲಗಳಲ್ಲಿ ಬೆನ್ನಿನ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಿ ಹೊಂದಿಸಬಹುದು. ಮೊದಲು ಹೋದವರಿಗೆ ಅವು ಸಿಗುತ್ತವೆ. ಗಿಡ್ಡ ಬೆನ್ನಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅವನ್ನೇ ಕೇಳಿ ಪಡೆಯಿರಿ.

ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಎಲ್ಲ ಪಟ್ಟಿ ಸಡಿಲಿಸಿ, ಚೀಲ ಬೆನ್ನಿಗೇರಿಸಿ, ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರುವಂತೆ ಬಿಗಿಯಬೇಕು. ಹೊಟ್ಟೆಯ ಮೇಲಲ್ಲ. ಆಮೇಲೆ ಭುಜದ ಪಟ್ಟಿ, ಆಮೇಲೆ ಭುಜದಿಂದ ಚೀಲದ ತಲೆಗೆ ಹೋಗುವ ಸಣ್ಣ ಪಟ್ಟಿ, ಕೊನೆಗೆ ಎದೆಯದು. ಭಾರದ ಮುಕ್ಕಾಲು ಪಾಲು ಸೊಂಟದ ಮೇಲೆ ಕೂತಿರಬೇಕು. ಭುಜದ ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಹೋದರೆ ಸರಿಯಾಗಿದೆ ಎಂದರ್ಥ. ಇಲ್ಲಿಯ ಹಳೆಯ ಚೀಲಗಳ ನಿಜವಾದ ದೋಷ ಇರುವುದೂ ಸೊಂಟದ ಪಟ್ಟಿಯಲ್ಲೇ. ಒಳಗಿನ ಫೋಮ್ ಚಪ್ಪಟೆಯಾಗಿ, ಹೆಬ್ಬೆರಳಿನಿಂದ ಒತ್ತಿದರೆ ಮತ್ತೆ ಉಬ್ಬುವುದಿಲ್ಲ. ಅಂಥದ್ದು ಮೂರನೇ ಗಂಟೆಗೆ ಚರ್ಮ ತರಚುತ್ತದೆ. ಬಕಲ್ ಹಾಕಿ ಜೋರಾಗಿ ಎಳೆದು ನೋಡಿ. ಪಟ್ಟಿ ಜಾರಿದರೆ ಬಕಲ್ಲಿನ ಹಲ್ಲು ಸವೆದಿದೆ, ಬೇರೆ ಚೀಲ ಕೇಳಿ.

ಗುರುವಾರವೇ ಚೀಲ ಸಿಕ್ಕರೆ ಹತ್ತು ಲೀಟರ್ ನೀರಿನ ಬಾಟಲಿ ತುಂಬಿ ಕುಂದವಾಡ ಕೆರೆಯ ದಂಡೆಯಲ್ಲಿ ಒಂದು ಗಂಟೆ ನಡೆಯಿರಿ. ಉಜ್ಜುವ ಜಾಗ ಯಾವುದೆಂದು ಮುಕ್ಕಾಲು ಗಂಟೆಯೊಳಗೆ ಗೊತ್ತಾಗುತ್ತದೆ. ಚಿತ್ರದುರ್ಗದಿಂದ ಬಂದು ಒಯ್ಯುವವರಿಗೆ ಜೋಗಿಮಟ್ಟಿಯ ಏರುದಾರಿ ಇದಕ್ಕಿಂತ ಒಳ್ಳೆಯ ಪರೀಕ್ಷೆ, ಅಲ್ಲಿ ಇಳಿಯುವಾಗ ಮೊಣಕಾಲು ಏನು ಹೇಳುತ್ತದೆ ಎಂಬುದೂ ತಿಳಿಯುತ್ತದೆ.

ರೇನ್ ಕವರನ್ನು ಚೀಲದ ಜೊತೆಗೇ ಕೊಡುತ್ತಾರೆ. ಅದನ್ನು ನಂಬಬೇಡಿ. ಕವರಿನ ಒಳಮೈಗೆ ಬಳಿದ ಪಾಲಿಯುರಿಥೇನ್ ಲೇಪ ಒದ್ದೆಯಾಗಿ ಮಡಚಿಟ್ಟಲ್ಲೇ ಕೊಳೆಯುತ್ತದೆ. ಮುಟ್ಟಿದರೆ ಅಂಟು ಅಂಟು, ಹುಳಿ ವಾಸನೆ. ಹೊಸ ಕವರಾದರೂ ಬೆನ್ನಿಗೂ ಚೀಲಕ್ಕೂ ನಡುವೆ ಕತ್ತಿನಿಂದ ಹರಿದು ಬರುವ ನೀರನ್ನು ತಡೆಯಲಾರದು, ಆ ಕಡೆ ಅದು ಮುಚ್ಚುವುದೇ ಇಲ್ಲ. ಮಲೆನಾಡಿನ ಮಳೆಗೆ ಒಳಗಿನಿಂದಲೇ ರಕ್ಷಣೆ ಬೇಕು. ಮೆಕ್ಕೆಜೋಳದ ವ್ಯಾಪಾರದ ನಮ್ಮ ಊರಿನಲ್ಲಿ ಚೀಲದ ಒಳಗೆ ಹಾಕುವ ದಪ್ಪ ಪ್ಲಾಸ್ಟಿಕ್ ಲೈನರ್ ಹುಡುಕಲು ಕಷ್ಟವಿಲ್ಲ. ಬಳಸದ, ಹೊಸ ಲೈನರ್ ತಂದು ಬೆನ್ನುಚೀಲದೊಳಗೆ ಇಳಿಸಿ, ಬಟ್ಟೆ, ಸ್ಲೀಪಿಂಗ್ ಬ್ಯಾಗು ಎಲ್ಲ ಅದರೊಳಗೆ ತುಂಬಿ, ಗಾಳಿ ಹಿಂಡಿ, ಬಾಯಿ ತಿರುಚಿ, ಮಡಚಿ ಕಟ್ಟಿ. ಟೆಂಪೊ ಟ್ರಾವೆಲರ್ ಗಾಡಿಯ ಕ್ಯಾರಿಯರ್ ಮೇಲೆ ರಾತ್ರಿಯೆಲ್ಲ ನೆನೆದರೂ ಒಳಗಿನದು ಒಣಗಿಯೇ ಇರುತ್ತದೆ.

ಟೆಂಟು ಈ ಅಂಗಡಿಯ ಹೆಮ್ಮೆ, ಮತ್ತು ಅದು ನ್ಯಾಯವಾದ ಹೆಮ್ಮೆ. ಇಬ್ಬರು ಮಲಗುವ, ಎರಡು ಪದರದ ಗುಮ್ಮಟದಾಕಾರದವು. ಒಂದೊಂದು ಎರಡೂವರೆಯಿಂದ ಮೂರು ಕೆ.ಜಿ. ಬಯಲುಸೀಮೆಯ ಒಣ ಹವೆಯಲ್ಲಿ ಇಟ್ಟಿರುವುದರಿಂದ ಬೂಷ್ಟು ಹಿಡಿದದ್ದು ಕಡಿಮೆ. ಆದರೆ ಅದೇ ಹವೆಗೆ ಇನ್ನೊಂದು ಮುಖವಿದೆ. ಶೀಟಿನ ಮಾಡಿನ ಕೆಳಗಿನ ಬೇಸಿಗೆ ಕಾವಿಗೆ ಕೋಲಿನೊಳಗಿನ ಎಲಾಸ್ಟಿಕ್ ದಾರ ಸತ್ತುಹೋಗುತ್ತದೆ. ಕೋಲು ಜೋಡಿಸಿದಾಗ ತುಂಡುಗಳು ತಾವಾಗಿಯೇ ಕಟಕ್ಕನೆ ಕೂರಬೇಕು. ಜೋತು ಬಿದ್ದರೆ ದಾರ ಹೋಗಿದೆ. ಫೈಬರ್‌ಗ್ಲಾಸ್ ಕೋಲಿನ ತುದಿಯಲ್ಲಿ ಉದ್ದಕ್ಕೆ ಸಣ್ಣ ಸೀಳಿದ್ದರೆ ಗಾಳಿಗೆ ಅಲ್ಲಿಯೇ ಮುರಿಯುತ್ತದೆ. ಸೀಳನ್ನು ಬರಿಗೈಯಲ್ಲಿ ಸವರಿ ಹುಡುಕಬೇಡಿ, ಎಳೆ ಚುಚ್ಚಿಕೊಂಡು ಚರ್ಮದಲ್ಲೇ ಉಳಿಯುತ್ತದೆ. ಬಟ್ಟೆ ಹಿಡಿದು ಸವರಿ. ಮುರಿದ ಕೋಲಿಗೆ ತೊಡಿಸುವ ಏಳೆಂಟು ಇಂಚಿನ ಲೋಹದ ಕೊಳವೆಯನ್ನು ಕೇಳಿದರಷ್ಟೇ ಕೊಡುತ್ತಾರೆ, ಎರಡು ಕೇಳಿ.

ಹೊರಪದರವನ್ನು ಬೆಳಕಿಗೆ ಹಿಡಿದು ಹೊಲಿಗೆಯ ಮೇಲಿನ ಟೇಪು ಎದ್ದಿದೆಯೇ ನೋಡಿ. ಗೂಟ ಎಣಿಸಿ. ಒಂದು ಟೆಂಟಿಗೆ ನಾಲ್ಕು ಮೂಲೆಗೆ ನಾಲ್ಕು, ಹೊರಪದರದ ಹಗ್ಗಗಳಿಗೆ ಇನ್ನೂ ನಾಲ್ಕಾದರೂ ಬೇಕು. ಇಲ್ಲಿ ಆರು ಹಾಕಿ ಕಟ್ಟಿರುವ ಚೀಲಗಳೇ ಹೆಚ್ಚು. ತೆಳು ತಂತಿಯ ಗೂಟ ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಬಾಗುತ್ತದೆ. ಟೆಂಟಿಗೆ ಬೆನ್ನು ಹಾಕಿದಂತೆ ಹೊರಕ್ಕೆ ವಾಲಿಸಿ ಹೊಡೆಯಬೇಕು, ಇಳಿಯದ ಕಡೆ ಹಗ್ಗವನ್ನು ತಲೆಗಾತ್ರದ ಕಲ್ಲಿಗೆ ಸುತ್ತಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅಂಗಡಿಗೆ ಬರುವ ದೂರು, ‘ಟೆಂಟು ಸೋರಿತು’ ಎಂಬುದು. ಬಹಳಷ್ಟು ಸಲ ಅದು ಸೋರಿದ್ದಲ್ಲ. ಚಳಿಗೆಂದು ಎಲ್ಲ ಕಿಂಡಿ ಮುಚ್ಚಿ ಇಬ್ಬರು ಮಲಗಿದಾಗ ಉಸಿರಿನ ತೇವ ತಣ್ಣನೆಯ ಹೊರಪದರದ ಒಳಮೈಗೆ ಹನಿಯಾಗಿ ಕೂತು ಇಳಿಯುತ್ತದೆ. ಮೇಲಿನ ಕಿಂಡಿ ತೆರೆದಿಡಿ, ಹಗ್ಗ ಬಿಗಿದು ಹೊರಪದರ ಒಳಪದರಕ್ಕೆ ತಾಗದಂತೆ ನೋಡಿಕೊಳ್ಳಿ, ಒದ್ದೆ ಬಟ್ಟೆಯನ್ನು ಒಳಗೆ ತರಬೇಡಿ.

ಸ್ಲೀಪಿಂಗ್ ಬ್ಯಾಗಿನ ಮೇಲೆ ಬರೆದ ಸೊನ್ನೆ ಡಿಗ್ರಿಗೆ ಮರುಳಾಗಬೇಡಿ. ಅಲ್ಲಿ ಎರಡು ಅಂಕಿ ಇದ್ದರೆ ದೊಡ್ಡದೇ ನಿಮ್ಮದು, ಅದು ಆರಾಮದ ಮಟ್ಟ. ಚಿಕ್ಕದು ಅದಕ್ಕಿಂತ ಕೆಳಗಿನ ಮಿತಿ, ಆರಾಮದ್ದಲ್ಲ. ಪಶ್ಚಿಮ ಘಟ್ಟದ ಚಳಿಗಾಲಕ್ಕೆ ಆರಾಮದ ಮಟ್ಟ 10 ಡಿಗ್ರಿ ಇದ್ದರೆ ನಡೆಯುತ್ತದೆ. ಬಾಡಿಗೆಯ ಬ್ಯಾಗನ್ನು ಬಿಗಿಯಾಗಿ ತುರುಕಿ ವರ್ಷಗಟ್ಟಲೆ ಇಟ್ಟಿರುವುದರಿಂದ ಒಳಗಿನ ನಾರು ಒತ್ತಿ ಕೂತು ಕಾವು ಹಿಡಿಯುವ ಶಕ್ತಿ ಕಳೆದಿರುತ್ತದೆ. ಬಿಡಿಸಿ ಹಾಸಿ ಹತ್ತು ನಿಮಿಷ ಬಿಟ್ಟರೂ ಉಬ್ಬದಿದ್ದರೆ ಬಿಡಿ. ಶುಚಿಗೆ ಒಳಗೊಂದು ಹಳೆಯ ಹತ್ತಿ ಸೀರೆಯನ್ನು ಚೀಲದ ಹಾಗೆ ಹೊಲಿದು ಹಾಕಿಕೊಳ್ಳಿ. ಚಳ್ಳಕೆರೆಯ ಕಂಬಳಿ ಒಯ್ಯಬಾರದೇ ಎಂದು ಕೇಳುವವರಿದ್ದಾರೆ. ಕಾವಿಗೆ ಅದರ ಸಮ ಯಾವುದೂ ಇಲ್ಲ, ತುಸು ನೆನೆದರೂ ಬೆಚ್ಚಗಿಡುತ್ತದೆ. ಆದರೆ ಭಾರ ಹೆಚ್ಚು, ನೆನೆದರೆ ಇನ್ನೂ ಹೆಚ್ಚು. ಗಾಡಿ ಹೋಗುವ ಜಾಗಕ್ಕೆ ಒಯ್ಯಿರಿ, ಬೆನ್ನ ಮೇಲೆ ಬೇಡ. ಮೈ ಕೆಳಗಿನ ಫೋಮ್ ಮ್ಯಾಟು ಮಾತ್ರ ತಪ್ಪಿಸಬೇಡಿ, ನೆಲ ಹೀರುವ ಕಾವನ್ನು ಯಾವ ಹೊದಿಕೆಯೂ ತಡೆಯದು. ಅಂಗಡಿಯ ಮ್ಯಾಟುಗಳು ಚೆನ್ನಾಗಿವೆ.

ಸ್ಟವ್ ಬಾಡಿಗೆಗಿದೆ, 230 ಗ್ರಾಂ ಗ್ಯಾಸ್ ಡಬ್ಬಿಯನ್ನು ಬೇರೆಯಾಗಿ ಕೊಳ್ಳಬೇಕು. ಒಂದು ಲೀಟರ್ ನೀರು ಕುದಿಸಲು ಗಾಳಿಯಿಲ್ಲದ ಕಡೆ ಹನ್ನೆರಡು ಗ್ರಾಂ ಆಸುಪಾಸು ಖರ್ಚಾಗುತ್ತದೆ, ಗಾಳಿಯಲ್ಲಿ ಅದರ ಎರಡರಷ್ಟು. ಗಾಳಿ ತಡೆಯಲು ಡಬ್ಬಿಯನ್ನೂ ಸೇರಿಸಿ ಸುತ್ತ ತಗಡು ಮುಚ್ಚುವುದು ಅಪಾಯ, ಡಬ್ಬಿ ಕಾದು ಸಿಡಿಯಬಹುದು. ಸಂರಕ್ಷಿತ ಕಾಡಿನೊಳಗೆ ಹಚ್ಚುವ ಮಾತೇ ಇಲ್ಲ. ಹೆಡ್‌ಲ್ಯಾಂಪ್ ಸ್ವಂತದ್ದು ಕೊಳ್ಳಿ, ಇಲ್ಲಿಯವುಗಳಲ್ಲಿ ಸೋರಿದ ಸೆಲ್ಲು ಸಂಪರ್ಕದ ತಗಡನ್ನು ತಿಂದಿದೆ. ಬಾಡಿಗೆಯ ಬೂಟು ಇನ್ನೊಬ್ಬರ ಪಾದಕ್ಕೆ ಪಳಗಿದ್ದು, ಬೇಡ. ಮನೆಯ ಕಪಾಟಿನಲ್ಲಿ ಐದಾರು ವರ್ಷ ಕೂತ ಬೂಟೂ ಬೇಡ. ಮೇಲೆ ಹೊಸತಿನಂತೆ ಕಂಡರೂ ಅಡಿಯ ಅಟ್ಟೆ ದಾರಿಯಲ್ಲೇ ಕಿತ್ತು ಬರಬಹುದು.

ಅಂಗಡಿಯವರು ಹೇಳಬೇಕಾಗಿದ್ದು, ಹೇಳದೇ ಇರುವುದು ಒಂದಿದೆ. ಹೆಚ್ಚಿನ ತಂಡಗಳು ಹೋಗುವುದು ಚನ್ನಗಿರಿ, ಭದ್ರಾವತಿ, ಬಾಳೆಹೊನ್ನೂರು ದಾಟಿ ಕಳಸದ ಕಡೆಗೆ, ಕುದುರೆಮುಖ ಹತ್ತಲು. ಅದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಮೊದಲೇ ಮಾಡಿಸಬೇಕು, ಮೇಲೆ ಟೆಂಟು ಹಾಕುವಂತಿಲ್ಲ, ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯಬೇಕು. ಹೋಗಿಬರಲು ಸುಮಾರು 20 ಕಿ.ಮೀ. ಹಾಗಾಗಿ ಟೆಂಟು ನಿಲ್ಲುವುದು ಬುಡದ ಹೋಂಸ್ಟೇ ಅಂಗಳದಲ್ಲಿ, 50 ಲೀಟರ್ ಚೀಲವೂ ಅಲ್ಲೇ ಉಳಿಯುತ್ತದೆ. ಬೆಟ್ಟಕ್ಕೆ ಬೇಕಾದದ್ದು 20-25 ಲೀಟರಿನ ಸಣ್ಣ ಚೀಲ: ಎರಡು ಲೀಟರ್ ನೀರು, ರೇನ್‌ಕೋಟು, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಳೆಗಾಲದಲ್ಲಾದರೆ ಉಂಬಳ (ಜಿಗಣೆ) ತಡೆಯುವ ಕಾಲುಚೀಲ. ಮಂಡಕ್ಕಿ ಹಗುರವೆಂದು ಒಯ್ಯುತ್ತಾರೆ. ಅದು ಚೀಲದ ಜಾಗವೆಲ್ಲ ತಿನ್ನುತ್ತದೆ, ಮಂಜಿನಲ್ಲಿ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ. ಸಣ್ಣ ಚೀಲಗಳು ಅಂಗಡಿಯಲ್ಲಿ ತೀರಾ ಕಡಿಮೆ, ಆಫೀಸಿನ ಲ್ಯಾಪ್‌ಟಾಪ್ ಚೀಲವೇ ಎಷ್ಟೋ ವಾಸಿ. ಇಂಥ ಪ್ರವಾಸಕ್ಕೆ ಎಂಟು ದೊಡ್ಡ ಚೀಲ ಬಾಡಿಗೆಗೆ ಪಡೆಯುವುದು ದಂಡ. ನಾಲ್ಕು ಸಾಕು.

ಹೊತ್ತೇ ಸಾಗಬೇಕಾದ ದಾರಿಯಾದರೆ ಸಾಮೂಹಿಕ ಸಾಮಾನನ್ನು ಸಮವಾಗಿ ಹಂಚಬೇಡಿ, ಶಕ್ತಿ ನೋಡಿ ಹಂಚಿ. ಟೆಂಟಿನ ಕೋಲು, ಹೊರಪದರ ಒಬ್ಬರಿಗೆ, ಒಳಪದರ ಇನ್ನೊಬ್ಬರಿಗೆ. ಲಗೇಜು ತೂಗುವ ಕೈತಕ್ಕಡಿ ಒಂದಿದ್ದರೆ ಆಫೀಸಿನ ಹಿರಿತನ ಕಿರಿತನದ ಮುಲಾಜು ಅಡ್ಡ ಬರುವುದಿಲ್ಲ. ನಿಧಾನ ನಡೆಯುವವರ ಚೀಲ ಹಗುರವಾದಷ್ಟೂ ಇಡೀ ತಂಡ ಬೇಗ ತಲುಪುತ್ತದೆ.

ಬಾಡಿಗೆಯ ದಿನ ಯಾವಾಗಿನಿಂದ ಯಾವಾಗಿನವರೆಗೆ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. ಶುಕ್ರವಾರ ಸಂಜೆ ಒಯ್ದು ಸೋಮವಾರ ಬೆಳಗ್ಗೆ ಕೊಟ್ಟರೆ ಇಲ್ಲಿ ಎರಡು ದಿನದ ಲೆಕ್ಕ, ಮಧ್ಯಾಹ್ನವಾದರೆ ಮೂರು. ಸೀಳು, ತೂತು ಇದ್ದದ್ದನ್ನು ಒಯ್ಯುವ ಮುಂಚೆ ಅಂಗಡಿಯಲ್ಲೇ ಫೋಟೋ ಹಿಡಿಯಿರಿ. ಠೇವಣಿಯಲ್ಲಿ ಕಡಿತವಾಗುವುದು ಹೆಚ್ಚಾಗಿ ಒದ್ದೆ ಟೆಂಟಿಗೆ. ಭಾನುವಾರ ರಾತ್ರಿ ಎಷ್ಟೇ ದಣಿದಿದ್ದರೂ ಅದನ್ನು ಚೀಲದಿಂದ ತೆಗೆದು ಮಾಳಿಗೆಯ ತಂತಿಯ ಮೇಲೆ ಹರವಿ. ದಾವಣಗೆರೆಯ ಗಾಳಿಗೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ, ಮಣ್ಣು ಕೊಡವಿ ಮಡಚಿದರಾಯಿತು.