ಮೆಳ್ಳೆಗಣ್ಣಿನ ಆಪರೇಷನ್ ಆಗಿ ಮಗು ಏಳುವಾಗ: ಪ್ರೊಪೊಫಾಲೋ, ಡೆಕ್ಸೋ?

ಮೂರು ವರ್ಷದ ಮಗು. ಮೆಳ್ಳೆಗಣ್ಣಿನ ಆಪರೇಷನ್ ಮುಗಿದು ಈಗಷ್ಟೇ ಎಚ್ಚರವಾಗುತ್ತಿದೆ. ಬೆನ್ನು ಬಿಲ್ಲಿನ ಹಾಗೆ ಸೆಟೆದಿದೆ. ಒಂದು ಕೈ ಕಣ್ಣಿನ ಪಟ್ಟಿ ಕೀಳುತ್ತಿದೆ, ಇನ್ನೊಂದು ಕೈ ಡ್ರಿಪ್ ಸೂಜಿಯತ್ತ. "ನಾನೇ ಕಣೋ, ಅಮ್ಮ" ಅಂದರೂ ಗುರುತೇ ಸಿಗುತ್ತಿಲ್ಲ. ಇದು ಹಟ ಅಲ್ಲ, ಅನಸ್ತೇಶಿಯಾದಿಂದ ಏಳುವಾಗಿನ ಕಳವಳ. ಪ್ರಜ್ಞೆ ತಪ್ಪಿಸಲು ಸೆವೊಫ್ಲುರೇನ್ ಗ್ಯಾಸ್ ಕೊಟ್ಟ ಮಕ್ಕಳಲ್ಲಿ, ಅದರಲ್ಲೂ 2ರಿಂದ 5 ವರ್ಷದವರಲ್ಲಿ, ಇದು ಜಾಸ್ತಿ.

ಅನಸ್ತೇಶಿಯಾ ಕೊಡುವವಳಾಗಿ ನಾನು ಇದನ್ನು ತಡೆಯಲು ಪ್ರೊಪೊಫಾಲ್, ಡೆಕ್ಸ್ ಎರಡು ಔಷಧಿಗಳನ್ನೂ ಬಳಸಿ ನೋಡಿದ್ದೇನೆ.

ಪ್ರೊಪೊಫಾಲ್ ಸುಲಭ. ಗ್ಯಾಸ್ ನಿಲ್ಲಿಸುವ ಹೊತ್ತಿಗೆ ಮಗುವಿನ ತೂಕದ ಕಿಲೋಗೆ 1 ಮಿಲಿಗ್ರಾಂ. ಮಗು ಏಳುವುದು ಸ್ವಲ್ಪ ತಡ, ಆದರೆ ಮೆಲ್ಲಗೆ ಏಳುತ್ತದೆ. ವಾಂತಿಯೂ ಕಡಿಮೆ, ಈ ಆಪರೇಷನ್‌ನಲ್ಲಿ ವಾಂತಿ ದೊಡ್ಡ ಕಾಟ. ಆದರೆ ಅದು ನೋವು ತಗ್ಗಿಸುವುದಿಲ್ಲ. ಪರಿಣಾಮ ಇಳಿದ ಮೇಲೆ ಕಣ್ಣು ಉರಿದು ಮಗು ಮತ್ತೆ ಚೀರಿದ್ದನ್ನು ಕಂಡಿದ್ದೇನೆ.

ಡೆಕ್ಸ್, ಅಂದರೆ ಡೆಕ್ಸ್‌ಮೆಡೆಟೊಮಿಡಿನ್, ನೋವನ್ನೂ ಒಂದಿಷ್ಟು ತಗ್ಗಿಸುತ್ತದೆ. ಕಿಲೋಗೆ 0.5 ಮೈಕ್ರೋಗ್ರಾಂ, ಹತ್ತು ನಿಮಿಷದಲ್ಲಿ ನಿಧಾನವಾಗಿ. ಇದರ ತೊಂದರೆ ಎದೆಬಡಿತ. ಕಣ್ಣಿನ ಸ್ನಾಯು ಎಳೆದರೆ ಸಾಕು, ಬಡಿತ ಇಳಿಯುತ್ತದೆ. ಡೆಕ್ಸ್ ಕೂಡ ಇಳಿಸುತ್ತದೆ. ಒಮ್ಮೆ ಡೆಕ್ಸ್ ಹೋಗುತ್ತಿರುವಾಗಲೇ ಸರ್ಜನ್ ಸ್ನಾಯುವಿಗೆ ಕೊಕ್ಕೆ ಹಾಕಿ ಎಳೆದರು. ಮಾನಿಟರಿನ ಬೀಪ್ ಬೀಪ್ ನಡುವಿನ ಅಂತರ ಉದ್ದವಾಗುತ್ತಾ ಹೋಯಿತು. "ಸರ್, ಬಿಡಿ ಬಿಡಿ" ಅಂದೆ. ಬಿಟ್ಟ ಕೂಡಲೇ ಬಡಿತ ಏರಿತು. ಅಂದಿನಿಂದ ಕೊನೆಯ ಸ್ನಾಯು ಹೊಲಿದ ಮೇಲೆಯೇ ಡೆಕ್ಸ್ ಶುರು ಮಾಡುತ್ತೇನೆ. ಮಗು ರಿಕವರಿಯಲ್ಲಿ ಜಾಸ್ತಿ ಹೊತ್ತು ಮಲಗುತ್ತದೆ, ಹಾಸಿಗೆ ಬೇಗ ಖಾಲಿ ಆಗುವುದಿಲ್ಲ. ಆಗದಿರಲಿ.

ಭಯ ತಗ್ಗಿಸುವ ಮಿಡಜೋಲಾಮ್ ಸಿರಪ್ ಕೂಡ ಕೊಟ್ಟು ನೋಡಿದೆ. ಓಟಿಗೆ ಹೋಗುವಾಗಿನ ಅಳು ನಿಂತಿತು, ಏಳುವಾಗಿನದಕ್ಕೆ ಅದನ್ನು ನಂಬಲು ಆಗಲಿಲ್ಲ.

ನನ್ನ ಆಯ್ಕೆ: ಮೆಳ್ಳೆಗಣ್ಣಿಗೆ ಡೆಕ್ಸ್. ಕಣ್ಣೀರಿನ ನಾಳ ಬಿಡಿಸುವಂಥ ಹತ್ತು ನಿಮಿಷದ ಕೆಲಸಕ್ಕೆ ಪ್ರೊಪೊಫಾಲ್. ಜೊತೆಗೆ, ಸರ್ಜನ್ ಒಪ್ಪಿದರೆ ಪಟ್ಟಿ ಬೇಡ. ಎದ್ದ ತಕ್ಷಣ ಕತ್ತಲೆ ಇದ್ದರೆ ಯಾರಿಗಾದರೂ ಭಯ ಆಗುತ್ತೆ, ಅಲ್ವಾ?

ಈ ಕಳವಳ ಅಳೆಯಲು ಪೇಡ್ (PAED) ಅಂತ 20 ಅಂಕದ ಅಳತೆ ಇದೆ. ಅದರ ಮೊದಲ ಪ್ರಶ್ನೆಯೇ ಮಗು ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತದಾ ಅಂತ. ಕಣ್ಣು ಊದಿಕೊಂಡ ಮಗುವಿನಲ್ಲಿ ಅದನ್ನು ಹೇಗೆ ನೋಡುವುದು? ಹಾಗಾಗಿ ನಾನು ಇನ್ನೊಂದನ್ನೂ ನೋಡುತ್ತೇನೆ: ಅಮ್ಮ ಬೆರಳು ಕೊಟ್ಟರೆ ಮಗು ಹಿಡಿದುಕೊಳ್ಳುತ್ತದಾ, ತಳ್ಳುತ್ತದಾ.