ಐಪೀಸ್ ಕ್ಯಾಮೆರಾದ ಕಾಟ, ಸ್ಕ್ಯಾನ್ ಸ್ಲೈಡಿನ ಸುಖ

ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಪರದೆಗೆ ತರಲೆಂದು ಆರು ಸಾವಿರ ರೂಪಾಯಿ ತೆತ್ತು ತಂದ ಐಪೀಸ್ ಕ್ಯಾಮೆರಾ ಈಗ ಬೀರುವಿನಲ್ಲಿ ಮಲಗಿದೆ. ಕೋಲಾರದಲ್ಲಿ ಲ್ಯಾಬ್ ಟೆಕ್ನಾಲಜಿ ಮಕ್ಕಳಿಗೆ ಪೆಥಾಲಜಿ ಕಲಿಸುವ ನಾನು, ಗಾಜಿನ ಸ್ಲೈಡನ್ನು ಇಡಿಯಾಗಿ ಕಂಪ್ಯೂಟರ್ ಚಿತ್ರವಾಗಿಸುವ ಸ್ಕ್ಯಾನ್ ಸ್ಲೈಡುಗಳ ಪಕ್ಷ ಸೇರಿದ್ದೇನೆ.

ಕೊಂಡದ್ದಕ್ಕೆ ಕಾರಣವಿತ್ತು. ಸೂಕ್ಷ್ಮದರ್ಶಕಗಳು ಆರು, ಮಕ್ಕಳು ನಲವತ್ತು. ಪಾಯಿಂಟರ್ ತುದಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣವನ್ನು ನಿಲ್ಲಿಸಿ ಕರೆದರೆ, ನಾಲ್ಕನೆಯವರು ಬರುವಷ್ಟರಲ್ಲಿ ಯಾರದೋ ಮೊಣಕೈ ತಾಗಿ ಅಲ್ಲಿ ಬೇರೇನೋ ನಿಂತಿರುತ್ತಿತ್ತು.

ನಮ್ಮ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾಗೆಂದೇ ಮೂರನೆಯ ಕೊಳವೆ ಇಲ್ಲ. ಒಂದು ಐಪೀಸ್ ಕಿತ್ತು ಆ ಜಾಗದಲ್ಲಿ ಕೂರಿಸಬೇಕು. ಕ್ಯಾಮೆರಾದ ಕತ್ತು 23.2 ಮಿಲಿಮೀಟರ್, ಕೊಳವೆ 30. ಜೊತೆಗೆ ಬಂದ ಬಳೆ ಹಾಕಿದ್ದಾಯಿತು. ಕಾಟ ಶುರುವಾದದ್ದು ಆಮೇಲೆ. ನನ್ನ ಕಣ್ಣಿಗೆ ಸ್ಪಷ್ಟವಾದರೆ ಪರದೆ ಮಬ್ಬು. ಪರದೆ ಸರಿಮಾಡಿದರೆ ನನಗೆ ಮಬ್ಬು. ಬಿಂಬ ಮೂಡುವ ಎತ್ತರದಲ್ಲಿ ಸೆನ್ಸರ್ ಇಲ್ಲವೆಂದು ಹೊಳೆಯಲು ಒಂದು ವಾರ ಹಿಡಿಯಿತು.

ಹಳೆಯ ಎಕ್ಸ್-ರೇ ಫಿಲ್ಮನ್ನು ಬಳೆಯಾಕಾರಕ್ಕೆ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಕ್ಯಾಮೆರಾವನ್ನು ಎತ್ತುತ್ತ ಹೋದೆ. ನಲವತ್ತು ಪಟ್ಟು ಹಿಗ್ಗಿಸುವ 40ರ ಮಸೂರದಲ್ಲಿ ಕೊನೆಗೂ ಹೊಂದಿತು. ಗೆದ್ದೆನೆಂದು 4ಕ್ಕೆ ತಿರುಗಿಸಿದರೆ ಮತ್ತೆ ಮಂಜು! ಸಾಲದ್ದಕ್ಕೆ ಸೆನ್ಸರ್ ಹಿಡಿಯುವುದು ನಡುವಿನ ತುಣುಕನ್ನು ಮಾತ್ರ. “ಮೇಡಂ, ನೀವು ಹೇಳುತ್ತಿರುವುದು ಪರದೆಯಲ್ಲಿ ಇಲ್ಲವಲ್ಲ” ಎಂದಳು ಮುಂದಿನ ಬೆಂಚಿನ ಹುಡುಗಿ.

ಬೇಸತ್ತು, ಸಿಲಿಕೋಸಿಸ್ ಎಂಬ ಕಲ್ಲುಧೂಳಿನ ರೋಗ ಹಿಡಿದ ಶ್ವಾಸಕೋಶದ ನಮ್ಮ ಹಳೆಯ ಸ್ಲೈಡನ್ನು ಬೆಂಗಳೂರಿನ ಸ್ನೇಹಿತೆಗೆ ಕೊಟ್ಟು ಸ್ಕ್ಯಾನ್ ಮಾಡಿಸಿದೆ. ಅಂಥ ಸ್ಕ್ಯಾನ್ ತೆರೆದು ನೋಡಲು ಕ್ಯುಪಾಥ್ ಎಂಬ ತಂತ್ರಾಂಶ ಉಚಿತ. ಹುಟ್ಟಿದ್ದು ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ. ಕಡತ ಒಂದು ಜಿಬಿ ದಾಟಿದ್ದರೂ ನನ್ನ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡಲಿಲ್ಲ. ಮೊಬೈಲಿನ ನಕ್ಷೆಯಂತೆ, ನೋಡುತ್ತಿರುವ ಭಾಗವನ್ನಷ್ಟೇ ಅದು ಬಿಚ್ಚುತ್ತದೆ. ಇಂಟರ್ನೆಟ್ ಬೇಡ.

ಈರುಳ್ಳಿ ಪದರದಂತೆ ಸುತ್ತಿಕೊಂಡ ಕೊಲ್ಯಾಜೆನ್ ನಾರಿನ ಗಂಟು ಪೂರ್ತಿಯಾಗಿ ಗೋಡೆಯ ಮೇಲೆ ಮೂಡಿದಾಗ ತರಗತಿ ಮೌನವಾಯಿತು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದ ತಾತಂದಿರ ಕೆಮ್ಮು ಕೇಳಿ ಬೆಳೆದ ಮಕ್ಕಳು ನಮ್ಮಲ್ಲಿ ಇಬ್ಬರು ಮೂವರಿದ್ದಾರೆ. ಕಲ್ಲಿನ ಧೂಳು ಪುಪ್ಪುಸದೊಳಗೆ ಏನು ಮಾಡುತ್ತದೆಂದು ನಾನು ಹೆಚ್ಚು ವಿವರಿಸಬೇಕಾಗಲಿಲ್ಲ.

ಇದಕ್ಕೆ ನನ್ನ ಕೈಯಿಂದ ಹೋದದ್ದು ಬಸ್ ಚಾರ್ಜು.

ಒಂದು ಕೊರತೆ ಇದೆ. ನಮ್ಮ ಸ್ಕ್ಯಾನ್ ಒಂದೇ ಪದರದ್ದು. ಫೈನ್ ಫೋಕಸ್ ತಿರುಗಿಸಿ ಮೇಲೆ ಕೆಳಗೆ ಹುಡುಕಲಾಗದು. ಹಾಗಾಗಿ ಮಲೇರಿಯಾ ಪಾಠದ ದಿನ ಮತ್ತೆ ಎಣ್ಣೆ ಹನಿ, 100ರ ಮಸೂರ, ಆರು ಸೂಕ್ಷ್ಮದರ್ಶಕಗಳ ಮುಂದೆ ಅದೇ ನಲವತ್ತು ಮಕ್ಕಳ ಸಾಲು.