ಕಾಲೇಜ್ ಸ್ಕೋರ್‌ಕಾರ್ಡ್: ಸಂಬಳದ ಅಂಕಿ ಎಷ್ಟು ನಂಬಬಹುದು?

ಅಮೆರಿಕದಲ್ಲಿ 2023ರಲ್ಲಿ ಪೂರ್ಣಾವಧಿ ಕೆಲಸದಲ್ಲಿದ್ದ ಪದವೀಧರರ ವಾರದ ಮೀಡಿಯನ್ ಸಂಬಳ 1,493 ಡಾಲರ್. ಹೈಸ್ಕೂಲು ಮುಗಿಸಿ ಅಲ್ಲಿಗೇ ಓದು ನಿಲ್ಲಿಸಿದವರದ್ದು 899. ಮೀಡಿಯನ್ ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ಬರುವವರ ಸಂಬಳ. ಈ ಅಂತರವನ್ನು ತೋರಿಸಿ ಸೀಟು ಮಾರುವವರಿಗೆ ಬರವಿಲ್ಲ. ಯಾವ ಕಾಲೇಜು, ಯಾವ ವಿಷಯ, ಕೈಯಿಂದ ಎಷ್ಟು ಹೋಗುತ್ತದೆ ಎಂದು ಕೇಳಿದರೆ ಮಾತ್ರ ಎಲ್ಲರೂ ತಡವರಿಸುತ್ತಾರೆ. ಅದಕ್ಕೆ ಉತ್ತರ ಹುಡುಕುವವರಿಗೆಂದು ಅಲ್ಲಿನ ಶಿಕ್ಷಣ ಇಲಾಖೆ ನಡೆಸುವ ಉಚಿತ ತಾಣವೇ ಕಾಲೇಜ್ ಸ್ಕೋರ್‌ಕಾರ್ಡ್. ಸಂಬಳದ ಅಂಕಿಗಳು ಇದಕ್ಕೆ ಸೇರಿದ್ದು 2015ರ ಸೆಪ್ಟೆಂಬರ್‌ನಲ್ಲಿ. ಒಂದೊಂದು ಕೋರ್ಸಿನ ಸಂಬಳ ಬಂದದ್ದು 2019ರಲ್ಲಿ.

ಇದರ ದೊಡ್ಡ ಬಲ ಅಂಕಿಗಳ ಮೂಲ. ಸಂಬಳ ಹೇಳುವ ಬಹಳಷ್ಟು ಖಾಸಗಿ ತಾಣಗಳು ಜನ ತಾವಾಗಿ ತುಂಬಿದ್ದನ್ನೇ ನಂಬುತ್ತವೆ. ಚೆನ್ನಾಗಿ ದುಡಿಯುವವರೇ ಉತ್ಸಾಹದಿಂದ ತುಂಬಿದರೆ ಅಂಕಿ ಮೇಲಕ್ಕೆ ಹೋಗುತ್ತದೆ. ಇಲ್ಲಿಯದು ತೆರಿಗೆ ದಾಖಲೆಯಿಂದ ಬಂದದ್ದು, ಸ್ವಂತ ಉದ್ಯೋಗದ ಗಳಿಕೆಯೂ ಸೇರಿ. ಇಷ್ಟಕ್ಕೇ ಪೂರ್ತಿ ಅಂಕ ಕೊಡಬಹುದು.

ಎಡವುವುದು ಓದುವಾಗ. ಕಾಲೇಜಿನ ಪುಟದಲ್ಲಿ ದೊಡ್ಡಕ್ಷರದಲ್ಲಿ ಕಾಣುವ ಸಂಬಳ ಕಾಲೇಜಿಗೆ ಸೇರಿದ ಹತ್ತು ವರ್ಷದ ನಂತರದ್ದು, ಪದವಿ ಮುಗಿಸಿದ ಹತ್ತು ವರ್ಷದ ನಂತರದ್ದಲ್ಲ. ನಡುವೆ ಓದು ಬಿಟ್ಟವರೂ ಅದರಲ್ಲಿದ್ದಾರೆ. ಕೋರ್ಸಿನ ಮಟ್ಟದ ಸಂಬಳದಲ್ಲಾದರೋ ಓದು ಮುಗಿಸಿದವರು ಮಾತ್ರ. ಈ ಎರಡನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದೇ ಅತಿ ಸಾಮಾನ್ಯ ತಪ್ಪು. ಕೋರ್ಸಿನ ಅಂಕಿ ಚೆನ್ನಾಗಿದ್ದು ಕಾಲೇಜಿನ ಪದವಿ ಮುಗಿಸುವ ಪ್ರಮಾಣ ಕಡಿಮೆ ಇದ್ದರೆ, ಆ ಸಂಬಳ ನಿಮ್ಮ ಕೈಗೆ ಬರುವ ಸಾಧ್ಯತೆಯೂ ಅಷ್ಟೇ ಕಡಿಮೆ. ಹಾಗಾಗಿ ಆ ಪ್ರಮಾಣ ನೋಡದೆ ಸಂಬಳದ ಕಡೆ ಕಣ್ಣು ಹಾಯಿಸಬೇಡಿ.

ವೈದ್ಯರಾಗುವವರ ಲೆಕ್ಕ ಇನ್ನೂ ವಿಚಿತ್ರ. ನಾಲ್ಕು ವರ್ಷ ಪದವಿ, ನಾಲ್ಕು ವರ್ಷ ಮೆಡಿಕಲ್ ಮುಗಿಸಿದರೆ ಹತ್ತನೇ ವರ್ಷಕ್ಕೆ ಅವರು ಇನ್ನೂ ರೆಸಿಡೆನ್ಸಿಯಲ್ಲಿ, ತರಬೇತಿಯ ಸಂಬಳದಲ್ಲಿ ಇರುತ್ತಾರೆ. ಆಗಲೂ ಓದುತ್ತಲೇ ಇರುವವರನ್ನು ಲೆಕ್ಕದಿಂದ ತೆಗೆದುಬಿಡುತ್ತಾರೆ. ಮುಂದೆ ಓದುವವರನ್ನು ಹೆಚ್ಚು ತಯಾರು ಮಾಡುವ ಕಾಲೇಜು ಈ ಪುಟದಲ್ಲಿ ಬಡವಾಗಿ ಕಾಣುವುದು ಇದರಿಂದ. ಊರಿನ ಖರ್ಚಿಗೆ ತಕ್ಕ ಹೊಂದಾಣಿಕೆಯೂ ಇಲ್ಲ: ನ್ಯೂಯಾರ್ಕಿನ ಡಾಲರೂ ಮಿಸಿಸಿಪ್ಪಿಯ ಡಾಲರೂ ಇಲ್ಲಿ ಒಂದೇ.

ಖರ್ಚಿನ ಭಾಗ ಸಂಬಳದ ಭಾಗಕ್ಕಿಂತ ಚೆನ್ನಾಗಿದೆ. ಫೀಸು, ಪುಸ್ತಕ, ವಸತಿ, ಊಟ ಎಲ್ಲ ಕೂಡಿಸಿ, ಅನುದಾನ ಮತ್ತು ವಿದ್ಯಾರ್ಥಿವೇತನ ಕಳೆದು, ಒಂದು ವರ್ಷದ ನಿವ್ವಳ ಖರ್ಚು ತೋರಿಸುತ್ತದೆ. ಮೊದಲು ಕಾಣುವುದು ಸರಾಸರಿ, ಅಲ್ಲಿಗೇ ನಿಲ್ಲಬೇಡಿ. ಕೆಳಗೆ ಕುಟುಂಬದ ವಾರ್ಷಿಕ ಆದಾಯದ ಐದು ಹಂತಗಳಿವೆ: 30,000 ಡಾಲರ್‌ವರೆಗೆ, 48,000, 75,000, 1,10,000, ಮತ್ತೆ ಅದಕ್ಕೂ ಮೇಲೆ. ಸರಾಸರಿ 24,000 ಎಂದಿದ್ದು, ಕೆಳಗಿನ ಹಂತದಲ್ಲಿ 11,000 ಎಂದಿದೆ ಅಂದುಕೊಳ್ಳಿ. ನಾಲ್ಕು ವರ್ಷಕ್ಕೆ ವ್ಯತ್ಯಾಸ 52,000 ಡಾಲರ್! ಇಂಥ ಸರಾಸರಿ ನೋಡಿ ಹೆದರಿದರೆ ಬಡ ಮನೆಯ ಮಕ್ಕಳು ಅರ್ಜಿಯನ್ನೇ ಹಾಕದೆ ಉಳಿಯಬಹುದು. ಸರ್ಕಾರಿ ಕಾಲೇಜುಗಳಲ್ಲಿ ಈ ಅಂಕಿ ಅದೇ ರಾಜ್ಯದವರದ್ದು. ಹೊರರಾಜ್ಯದವರು ಬೇರೆಯೇ ಲೆಕ್ಕ ಹಾಕಿಕೊಳ್ಳಬೇಕು. ಪದವೀಧರರ ಸಾಲ ಎಂದು ಕಾಣುವುದು ಕೂಡ ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಸಾಲ ಮಾತ್ರ. ಖಾಸಗಿ ಬ್ಯಾಂಕಿನದು ಅದರಲ್ಲಿಲ್ಲ.

ಹೊರದೇಶದಿಂದ ಹೋಗುವವರು ಗಮನಿಸಬೇಕಾದ್ದು ಒಂದಿದೆ. ಸಂಬಳದ ಲೆಕ್ಕಕ್ಕೆ ಬರುವುದು ಫೆಡರಲ್ ನೆರವು ಪಡೆದ ವಿದ್ಯಾರ್ಥಿಗಳು ಮಾತ್ರ, ವಿದೇಶಿ ವಿದ್ಯಾರ್ಥಿಗಳಿಗೆ ಆ ನೆರವಿಲ್ಲ. ತರಗತಿಯ ಮುಕ್ಕಾಲು ಪಾಲು ಹೊರದೇಶದವರೇ ಇರುವ ಮಾಸ್ಟರ್ಸ್ ಕೋರ್ಸಿನಲ್ಲಿ ಆ ಸಂಬಳ ಉಳಿದ ಕಾಲು ಭಾಗದ, ಅದರಲ್ಲೂ ನೆರವು ಪಡೆದವರ ಕಥೆ. ವೀಸಾದ ಅಡಚಣೆ ಇಲ್ಲದೆ ಕೆಲಸ ಹುಡುಕಿದವರದ್ದು. ಅದನ್ನು ನಂಬಿ ಶಿಕ್ಷಣ ಸಾಲದ ಕಂತು ಲೆಕ್ಕ ಹಾಕಿದರೆ ಲೆಕ್ಕ ಕೈಕೊಡುತ್ತದೆ.

ಅಸಮಾನತೆ ನೋಡಬೇಕೆನ್ನುವವರು ಪುಟ ಬಿಟ್ಟು ಪೂರ್ತಿ ದತ್ತಾಂಶ ಇಳಿಸಿಕೊಳ್ಳಲಿ. ನಡುವಿನ ಒಂದೇ ಅಂಕಿ ಎರಡು ತುದಿಗಳನ್ನು ಮುಚ್ಚಿಬಿಡುತ್ತದೆ. ಒಂದೇ ಕಾಲೇಜಿನಲ್ಲಿ ಕೆಳಗಿನ ಕಾಲು ಭಾಗದವರಿಗೂ ಮೇಲಿನ ಕಾಲು ಭಾಗದವರಿಗೂ ಇರುವ ಅಂತರ, ಹೆಣ್ಣು ಗಂಡಿನ ಗಳಿಕೆ, ತಂದೆತಾಯಿಯ ಆದಾಯದ ಪ್ರಕಾರ ಗಳಿಕೆ, ಇವುಗಳ ಕಾಲಂಗಳು ಅಲ್ಲಿವೆ, ಎಲ್ಲ ವರ್ಷಕ್ಕೂ ತುಂಬಿಲ್ಲದಿದ್ದರೂ. ಎಕ್ಸೆಲ್‌ನಲ್ಲಿ ತೆರೆಯುವಾಗ ಹುಷಾರು: ಜನ ತೀರಾ ಕಡಿಮೆ ಇರುವ ಕಡೆ ಗುರುತು ಸಿಗದಿರಲೆಂದು ಅಂಕಿಯ ಬದಲು ಅಕ್ಷರ ಇಟ್ಟಿದ್ದಾರೆ. ಅದನ್ನು ಸೊನ್ನೆ ಮಾಡಿದರೆ ಸಣ್ಣ ಕಾಲೇಜುಗಳ ಸರಾಸರಿ ನೆಲಕಚ್ಚುತ್ತದೆ. ಖಾಲಿ ಬಿಡಿ.

ಇನ್ನು, ಹೆಚ್ಚು ಸಂಬಳ ತೋರಿಸುವ ಕಾಲೇಜೇ ಆ ಸಂಬಳ ಕೊಡಿಸಿತು ಎನ್ನಲಾಗದು. ಸಂಶೋಧಕರಾದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರ ಅಧ್ಯಯನದಲ್ಲಿ ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಸೀಟು ಪಡೆದಿದ್ದ ವಿದ್ಯಾರ್ಥಿಗಳನ್ನು ಹೋಲಿಸಿದ್ದರು. ಹೆಸರುವಾಸಿ ಕಾಲೇಜಿಗೆ ಹೋದವರಿಗೂ ಅದನ್ನು ಬಿಟ್ಟು ಸಾಮಾನ್ಯ ಕಾಲೇಜು ಸೇರಿದವರಿಗೂ ಒಟ್ಟಾರೆ ಗಳಿಕೆಯಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ಕುಟುಂಬದವರಿಗೆ ಮಾತ್ರ ಲಾಭವಿತ್ತು. ಸ್ಕೋರ್‌ಕಾರ್ಡ್‌ನಲ್ಲಿ ಈ ಎಚ್ಚರಿಕೆ ಕಣ್ಣಿಗೆ ಬೀಳುವ ಹಾಗೆ ಎಲ್ಲೂ ಇಲ್ಲ.

ನಮ್ಮ ಅಂಕ ಐದಕ್ಕೆ ನಾಲ್ಕು. ನಿವ್ವಳ ಖರ್ಚು, ಪದವಿ ಮುಗಿಸುವ ಪ್ರಮಾಣ, ಕೋರ್ಸಿನ ಸಂಬಳ, ಈ ಕ್ರಮದಲ್ಲಿ ನೋಡುವವರಿಗೆ ನಾಲ್ಕೂವರೆ. ವಿದೇಶಿ ವಿದ್ಯಾರ್ಥಿಗಳಿಗೆ ಎರಡು.